ಘಟ್ಟದ ಮೇಲಿನ ನಾಡು, ಘಟ್ಟದ ಕೆಳಗಿನ ಕಡಲು

(ಆಕಾಶವಾಣಿ ಭಾಷಣ)

ಶಿಕಾರಿಪುರ, ಸೊರಬ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರದಲ್ಲಿ ಕೆರೆಗಳಿವೆ, ಗದ್ದೆಗಳಿವೆ, ಅಡಿಕೆಯ ತೋಟಗಳಿವೆ, ಕಾಡಿದೆ; ಕಡಲು ಮಾತ್ರ ಇಲ್ಲ. ಇಲ್ಲಿನ ನೀರು ಕೂಡ ಪಡುಗಡಲಿಗೆ ಬೆನ್ನು ಹಾಕಿಯೇ ಹರಿಯುತ್ತದೆ. ಸೊರಬದ ದಂಡಾವತಿ ವರದೆಯನ್ನು ಸೇರುತ್ತದೆ. ವರದೆಯೂ ಶಿಕಾರಿಪುರದ ಕುಮುದ್ವತಿಯೂ ತುಂಗಭದ್ರೆಯಲ್ಲಿ ಬೆರೆತು, ಕೃಷ್ಣೆಯ ಜೊತೆಗೂಡಿ, ನೂರಾರು ಮೈಲು ನಡೆದು ಪೂರ್ವ ಸಮುದ್ರವನ್ನು ಮುಟ್ಟುತ್ತವೆ. ಭೂಪಟದ ಮೇಲೆ ಸೊರಬದಿಂದ ಹೊನ್ನಾವರಕ್ಕೆ ನೇರ ಗೆರೆ ಎಳೆದರೆ ಅದು 70 ಕಿಲೋಮೀಟರುಗಳ ಆಸುಪಾಸು. ಇಷ್ಟು ಸಮೀಪದ ಕಡಲನ್ನು ಬಿಟ್ಟು ಅಷ್ಟು ದೂರದ ಕಡಲಿಗೆ ನದಿ ಹೋಗುವುದಕ್ಕೆ ಕಾರಣ ನಡುವೆ ನಿಂತ ಸಹ್ಯಾದ್ರಿ. ನದಿಯನ್ನು ತಿರುಗಿಸಿದ ಆ ಬೆಟ್ಟ ಇಲ್ಲಿ ಆಳಿದ ಅರಸರ ಮನಸ್ಸನ್ನೂ ತಿರುಗಿಸಿತೇ ಎಂಬುದು ಇಂದಿನ ಮಾತಿನ ವಿಷಯ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲುಕಂಬ ನಿಂತಿದೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಕಂಚಿಯಲ್ಲಿ ಅವಮಾನಕ್ಕೆ ಗುರಿಯಾಗಿ, ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದ ಮಯೂರಶರ್ಮನ ಕಥೆಯನ್ನು ನಾವೆಲ್ಲ ಬಲ್ಲೆವು. ಅವನಿಗೆ ಪಲ್ಲವರು ಕಡೆಗೆ ಒಪ್ಪಿಸಿಕೊಟ್ಟ ನೆಲದ ಎಲ್ಲೆಯನ್ನು ಹೇಳುವಾಗ ಕವಿ ಅಲೆಗಳು ಏರಿಳಿಯುವ ಪಶ್ಚಿಮ ಸಮುದ್ರವನ್ನು ಹೆಸರಿಸುತ್ತಾನೆ. ಕಡಲು ಕಾಣದ ಈ ತಾಲ್ಲೂಕಿನ ಅತ್ಯಂತ ಪ್ರಾಚೀನ ಬರಹಗಳಲ್ಲೊಂದು ಕಡಲನ್ನು ನೆನೆಯುತ್ತದೆ! ಒಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಶಾಸನವನ್ನು ವಿವರಿಸುತ್ತಿದ್ದಾಗ ಸೊರಬದ ಕಡೆಯ ಹುಡುಗನೊಬ್ಬ ಕೇಳಿದ: ‘ಸಾರ್, ಎಲ್ಲೆ ಕಡಲಿನವರೆಗೆ ಇದ್ದರೆ ನಮ್ಮ ರಾಜರಿಗೆ ಹಡಗುಗಳಿರಬೇಕಿತ್ತಲ್ಲ? ಶಿವಪ್ಪ ನಾಯಕನಿಗೆ ನೌಕಾಪಡೆ ಇರಲಿಲ್ಲವೇ?’ ಅಂದು ನಾನು ಕೊಟ್ಟ ಉತ್ತರ ಅವನಿಗೆ ತೃಪ್ತಿ ಕೊಡಲಿಲ್ಲ, ನನಗೂ ಕೊಡಲಿಲ್ಲ. ಆ ಪ್ರಶ್ನೆಯನ್ನೇ ಈಗ ಮತ್ತೆ ಎತ್ತಿಕೊಂಡಿದ್ದೇನೆ.

ಕನ್ನಡ ಅರಸರು ಹಡಗನ್ನು ಅರಿಯದವರಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ಹೇಳುತ್ತಾನೆ. ಹನ್ನೊಂದನೆಯ ಶತಮಾನದ ಗೋವೆಯ ಕದಂಬರು ಕಡಲಿನಿಂದಲೇ ಬೆಳೆದವರು. ಆದರೆ ಅವರ ಕಾಲದ ಕಡಲು ಬೇರೆ. ವ್ಯಾಪಾರಿಗಳೂ ಕಡಲುಗಳ್ಳರೂ ಅಲ್ಲಿದ್ದರು. ಇಡೀ ಕಡಲೇ ತನ್ನದೆಂದು ಹೇಳುವ ಶಕ್ತಿ ಇರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಬಂದಿಳಿದ ಮೇಲೆ ಆ ಸ್ಥಿತಿ ತಲೆಕೆಳಗಾಯಿತು. ಪೋರ್ತುಗೀಸರ ರಹದಾರಿ ಪತ್ರವಿಲ್ಲದೆ ತಿರುಗುವ ಹಡಗನ್ನು ಹಿಡಿದು ಸುಲಿಯುವುದು ನ್ಯಾಯವೆಂದೇ ಅವರು ಸಾರಿದರು. ವಿಚಿತ್ರವೆಂದರೆ, ಹೆಚ್ಚುಕಡಿಮೆ ಆ ವರ್ಷಗಳಲ್ಲಿಯೇ, 1500ರ ಸುಮಾರಿಗೆ, ಸೊರಬದ ನೆರೆಯ ಕೆಳದಿಯಲ್ಲಿ ಚೌಡಪ್ಪ ನಾಯಕನ ಮನೆತನ ತಲೆಯೆತ್ತಿತು. ಮಲೆನಾಡಿನ ಈ ಪುಟ್ಟ ರಾಜ್ಯವೂ ಕಡಲಿನ ಆ ಹೊಸ ಶಕ್ತಿಯೂ ಒಂದೇ ಗಳಿಗೆಯಲ್ಲಿ ಹುಟ್ಟಿದವೆನ್ನಬಹುದು.

ಸದಾಶಿವ ನಾಯಕನ ಕಾಲಕ್ಕೆ ಕೆಳದಿಯ ಕೈಗೆ ವಿಜಯನಗರದ ಅಧೀನದಲ್ಲಿ ಚಂದ್ರಗುತ್ತಿ, ಬಾರಕೂರು, ಮಂಗಳೂರು ಸೀಮೆಗಳು ಬಂದವು. ಚಂದ್ರಗುತ್ತಿ ಸೊರಬ ತಾಲ್ಲೂಕಿನ ಗಿರಿದುರ್ಗ. ಬಾರಕೂರು, ಮಂಗಳೂರುಗಳು ಅಲೆಯ ಸದ್ದು ಕೇಳುವ ಪಟ್ಟಣಗಳು. ಹೀಗೆ ಒಂದು ಕಾಲು ಘಟ್ಟದ ಮೇಲೆ, ಇನ್ನೊಂದು ಕಾಲು ಘಟ್ಟದ ಕೆಳಗೆ ಇಟ್ಟು ನಿಂತ ರಾಜ್ಯ ಇದು. ಮೇಲಿನ ಮೆಣಸು, ಅಡಿಕೆ, ಗಂಧ ಹೇರೆತ್ತಿನ ಬೆನ್ನೇರಿ ಕೆಳಗಿಳಿಯುತ್ತಿದ್ದವು. ಕೆಳಗಿನ ಉಪ್ಪು, ಒಣಮೀನು, ತೆಂಗು, ಅರಬ್ಬೀ ಕುದುರೆ ಮೇಲೇರುತ್ತಿದ್ದವು. ಬಸರೂರು, ಮಂಗಳೂರುಗಳ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಸೊರಬದಲ್ಲಿ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರು ಪೋರ್ತುಗೀಸರ ಕಾಟ ತಾಳಲಾರದೆ ಗೋವೆಯಿಂದ ಬಂದವರೆಂಬ ಪ್ರತೀತಿಯೂ ಉಂಟು. ಕಡಲು ಕಣ್ಣಿಗೆ ಕಾಣದಿದ್ದರೂ ಅದರ ಉಪ್ಪು ಈ ನೆಲದ ಊಟದಲ್ಲಿ ಮಾತ್ರವಲ್ಲ, ಬಾಳಿನಲ್ಲಿಯೂ ಬೆರೆತಿತ್ತು.

ಇಂಥ ರಾಜ್ಯ ಕಡಲನ್ನು ಕುರಿತು ಯಾವ ನೀತಿಯನ್ನು ಹಿಡಿಯಿತು? ಸದಾಶಿವ ನಾಯಕನ ಬಿರುದೇ ಉತ್ತರ ಹೇಳುವಂತಿದೆ: ಅವನು ‘ಕೋಟೆಕೋಲಾಹಲ’. ಕೆಳದಿಯವರ ಯೋಚನೆ ಕೋಟೆಯ ಭಾಷೆಯಲ್ಲಿ ನಡೆಯಿತು, ಹಡಗಿನ ಭಾಷೆಯಲ್ಲಿ ಅಲ್ಲ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಓದಿದವರು ಬಲ್ಲರು, ದಿಗ್ವಿಜಯ, ದಾನಧರ್ಮ, ದುರ್ಗಗಳ ಮಾತು ಅಲ್ಲಿ ಎಷ್ಟು ಹೇರಳವೆಂದು. ಆದರೆ ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಪೋರ್ತುಗೀಸ್ ರಾಯಭಾರಿಯೊಬ್ಬನ ಜೊತೆಯಲ್ಲಿ ಹೊನ್ನಾವರದಿಂದ ಹೊರಟು, ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ತಲುಪಿದ. ಆಗ ಆಳುತ್ತಿದ್ದವನು ಹಿರಿಯ ವೆಂಕಟಪ್ಪ ನಾಯಕ. ಕಡಲಿನ ಒಡೆಯರೆನಿಸಿಕೊಂಡವರ ಪ್ರತಿನಿಧಿ ಬೆಟ್ಟದ ದಾರಿಯಲ್ಲಿ ಬಳಲುತ್ತ ಮಲೆನಾಡ ಅರಸನ ಬಾಗಿಲಿಗೆ ಬಂದು ನಿಂತದ್ದೇಕೆ? ಕರಾವಳಿಯ ಬಂಗರಸರ ತಕರಾರು ಒಂದು ಕಾರಣ; ಮೆಣಸು ಇನ್ನೊಂದು. ಯೂರೋಪಿಗೆ ಹೋಗುವ ಹಡಗಿನ ಹೊಟ್ಟೆ ತುಂಬಬೇಕಾದರೆ ಈ ಕಾಡಿನ ಬಳ್ಳಿಯೇ ಆಗಬೇಕು. ಗೋವೆಯ ಅಡುಗೆಮನೆಯ ಒಲೆ ಉರಿಯಬೇಕಾದರೆ ಬಸರೂರಿನ ಅಕ್ಕಿಯೇ ಆಗಬೇಕು. ಹಡಗು ಅವರದು, ಸರಕು ನಮ್ಮದು. ಹಾಗಿರುವಾಗ ನಾವೇಕೆ ಹಡಗು ಕಟ್ಟಬೇಕು ಎಂಬುದು ಕೆಳದಿಯವರ ಎಣಿಕೆ. ಇಂದಿನ ವ್ಯಾಪಾರ ನೀತಿಜ್ಞರು ಕೂಡ ಇದನ್ನು ದಡ್ಡತನವೆನ್ನಲಾರರು.

ಆ ಎಣಿಕೆಯ ಪರಮಾವಧಿಯನ್ನು ತೋರಿಸಿದವನು ಶಿವಪ್ಪ ನಾಯಕ. 1645ರಿಂದ 1660ರವರೆಗೆ ಬಿದನೂರಿನಿಂದ ಆಳಿದ ಈ ಅರಸನನ್ನು ನಾವು ‘ಶಿಸ್ತಿನ ಶಿವಪ್ಪ ನಾಯಕ’ನೆಂದು, ಭೂಕಂದಾಯದ ವ್ಯವಸ್ಥೆಗಾಗಿ ನೆನೆಯುತ್ತೇವೆ. ಅವನು ಕಡಲನ್ನು ಕುರಿತೂ ಅಷ್ಟೇ ಶಿಸ್ತಿನಿಂದ ಯೋಚಿಸಿದ. 1652ರಲ್ಲಿ ಡಚ್ಚರಿಗೂ ಪೋರ್ತುಗೀಸರಿಗೂ ನಡುವಿದ್ದ ಕದನವಿರಾಮ ಮುರಿಯಿತು. ಗೋವೆಯವರ ಹಡಗುಗಳು ಸಿಂಹಳವನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿ ಮುಳುಗಿದವು. ಅದೇ ಸಮಯವನ್ನು ನೋಡಿ ಶಿವಪ್ಪ ನಾಯಕನ ಸೈನ್ಯ ಘಟ್ಟವಿಳಿಯಿತು. ಗಂಗೊಳ್ಳಿ, ಬಸರೂರು, ಹೊನ್ನಾವರ, ಮಂಗಳೂರು, ಹೀಗೆ ಒಂದರ ಹಿಂದೊಂದರಂತೆ ಪೋರ್ತುಗೀಸರ ಕೋಟೆಗಳು 1654ರ ಹೊತ್ತಿಗೆ ಅವನ ವಶವಾದವು. ಕಡಲಿಗೆ ಮುಖ ಮಾಡಿದ ಕೋಟೆಗಳನ್ನು ಅವನು ಬೆನ್ನ ಕಡೆಯಿಂದ, ನೆಲದಿಂದ ಮುತ್ತಿ ಗೆದ್ದ. ಹಡಗಿಲ್ಲದೆ ಕಡಲಿನ ಶತ್ರುವನ್ನು ದಡದಿಂದ ಓಡಿಸಿದ ಈ ಸಾಹಸ ಸಾಮಾನ್ಯವಾದುದಲ್ಲ. ಆ ಹುಡುಗನಿಗೆ ಅಂದು ನಾನು ಹೇಳಿದ್ದು ಇಷ್ಟನ್ನೇ: ‘ಶಿವಪ್ಪ ನಾಯಕನಿಗೆ ನೌಕಾಪಡೆಯ ಅಗತ್ಯವೇ ಬೀಳಲಿಲ್ಲ.’

ಆದರೆ ಇದು ಅರ್ಧ ಉತ್ತರ. ದಡವನ್ನು ಗೆಲ್ಲುವುದು ಬೇರೆ, ದಡವನ್ನು ಕಾಯುವುದು ಬೇರೆ. ಕೋಟೆಯನ್ನು ನೆಲದಿಂದ ಗೆಲ್ಲಬಹುದು. ಬಂದರನ್ನು ನೆಲದಿಂದ ಮಾತ್ರ ಕಾಯಲಾಗದು. ಶಿವಪ್ಪ ನಾಯಕ ತೀರಿಕೊಂಡು ಐದು ವರ್ಷ ತುಂಬುವುದರೊಳಗೆ, 1665ರ ಫೆಬ್ರವರಿಯಲ್ಲಿ, ಶಿವಾಜಿ ಮಹಾರಾಜ ತಾನೇ ಹಡಗನ್ನೇರಿ, ಚಿಕ್ಕದೊಡ್ಡ ಎಂಬತ್ತಕ್ಕೂ ಮಿಕ್ಕ ನೌಕೆಗಳೊಡನೆ ಬಸರೂರಿಗೆ ಬಂದಿಳಿದು ಪಟ್ಟಣವನ್ನು ಸೂರೆಮಾಡಿ, ಗೋಕರ್ಣದ ಮಾರ್ಗವಾಗಿ ಹಿಂತಿರುಗಿದ. ಬಿದನೂರಿನ ಸೈನ್ಯ ಘಟ್ಟವಿಳಿಯಲು ದಿನಗಳು ಬೇಕು. ಹಡಗು ಬಂದು ಹೋಗಲು ಒಂದು ಭರತ, ಒಂದು ಇಳಿತ ಸಾಕು. 1695ರಲ್ಲಿ ಅರಬರು ಮಂಗಳೂರನ್ನು ಸುಟ್ಟರು. 1713ರ ಸುಮಾರಿಗೆ ಗೋವೆಯ ನೌಕಾಪಡೆ ಕೆಳದಿಯ ಬಂದರುಗಳ ಮೇಲೆ ಎರಗಿತು, 1714ರಲ್ಲಿ ಒಪ್ಪಂದವಾಯಿತು. ಎಲ್ಲ ಒಪ್ಪಂದಗಳ ಒಳತಿರುಳು ಒಂದೇ: ನಮ್ಮ ಅಕ್ಕಿ ಅವರಿಗೆ ಹೋಗಬೇಕು, ನಮ್ಮ ಹಡಗು ಅವರ ರಹದಾರಿ ಪಡೆಯಬೇಕು. ಮನೆ ನಮ್ಮದಾದರೂ ಅಂಗಳಕ್ಕೆ ಇಳಿಯಲು ನೆರೆಯವನ ಅಪ್ಪಣೆ ಬೇಕಾದ ಸ್ಥಿತಿ ಅದು.

ಇಲ್ಲಿ ಒಂದು ಹೋಲಿಕೆಯನ್ನು ಕೇಳುಗರ ಮುಂದಿಡಬೇಕು. ಶಿವಪ್ಪ ನಾಯಕ ಬಸರೂರನ್ನು ಗೆಲ್ಲುವುದಕ್ಕೆ ಎರಡು ವರ್ಷ ಮೊದಲು, 1650ರಲ್ಲಿ, ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಒಮಾನಿನ ಇಮಾಮ ಸುಲ್ತಾನ್ ಬಿನ್ ಸೈಫ್ ಮಸ್ಕತ್ತಿನಿಂದ ಅದೇ ಪೋರ್ತುಗೀಸರನ್ನು ಓಡಿಸಿದ. ಶತ್ರು ಒಬ್ಬನೇ, ಕಾಲವೂ ಒಂದೇ. ಒಮಾನ್ ಬೆಂಗಾಡು, ಹಡಗಿಗೆ ತಕ್ಕ ಮರ ಅಲ್ಲಿಲ್ಲ. ಅದರ ತೇಗ ಬರಬೇಕಾದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ಉಣ್ಣುವ ಅಕ್ಕಿಯೂ ಬರಬೇಕಾದದ್ದು ಇಲ್ಲಿಂದಲೇ. ಆದರೂ ಆ ಇಮಾಮ ಮಸ್ಕತ್ತಿನಲ್ಲಿ ಕೈಸೇರಿದ ಪೋರ್ತುಗೀಸ್ ಹಡಗುಗಳನ್ನು ಸುಡಲಿಲ್ಲ, ಮಾರಲಿಲ್ಲ. ಅವುಗಳನ್ನೇ ಮಾದರಿಯಾಗಿಟ್ಟುಕೊಂಡು ಪಡೆ ಕಟ್ಟಿದ. 1668ರಲ್ಲಿ ಒಮಾನಿಗಳು ದೀವನ್ನು ಕೊಳ್ಳೆಹೊಡೆದರು. 1698ರಲ್ಲಿ ಆಫ್ರಿಕಾದ ಮೊಂಬಾಸಾ ಕೋಟೆಯನ್ನು ಹಿಡಿದರು. ಮರವಿಲ್ಲದ ನಾಡು ನೌಕಾಶಕ್ತಿಯಾಯಿತು. ಮರವೇ ಸಂಪತ್ತಾಗಿದ್ದ ನಾಡು ರಹದಾರಿ ಪತ್ರ ಕೊಳ್ಳುತ್ತ ಉಳಿಯಿತು.

ವ್ಯತ್ಯಾಸ ಎಲ್ಲಿದೆ? ಒಮಾನಿನಲ್ಲಿ ಆಳುವವರಿಗೂ ಕಡಲಿಗೂ ನಡುವೆ ಗೋಡೆಯಿರಲಿಲ್ಲ; ಅರಸನೂ ಅವನ ಬಂಧುಗಳೂ ಹಡಗಿನ ವ್ಯಾಪಾರದಲ್ಲಿ ಕೈಯಿಟ್ಟವರು, ಕಡಲು ಅವರ ಸ್ವಂತ ಲಾಭನಷ್ಟದ ವಿಷಯ. ನಮ್ಮಲ್ಲಿ ಕಡಲನ್ನು ಬಲ್ಲ ಜನ ಇರಲಿಲ್ಲವೆಂದಲ್ಲ. ಮೊಗವೀರರಿದ್ದರು, ಖಾರ್ವಿಗಳಿದ್ದರು, ಹರಿಕಂತರರಿದ್ದರು, ಭಟ್ಕಳದ ನವಾಯತ ವರ್ತಕರಿದ್ದರು. ಗಾಳಿಯ ವಾಸನೆ ಹಿಡಿದು ಹವೆಯನ್ನು ಹೇಳಬಲ್ಲ ತಂಡೇಲರಿದ್ದರು. ಮಳೆಗಾಲ ಕಳೆದು, ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಯಿಳಿಸುವ ಈ ಜನ ಘಟ್ಟದ ಕೆಳಗಿದ್ದರು. ರಾಜ್ಯದ ಭವಿಷ್ಯವನ್ನು ನಿರ್ಧರಿಸುವ ಚಾವಡಿ ಘಟ್ಟದ ಮೇಲಿತ್ತು. ಹೇರೆತ್ತು ಏರಿದ ಘಟ್ಟವನ್ನು ಅವರ ಮಾತು ಏರಲಿಲ್ಲ. ಸುಂಕ ಕೊಡುವವರಾಗಿ ಅವರು ಅರಮನೆಗೆ ಗೊತ್ತಿದ್ದರೇ ಹೊರತು ಸಲಹೆ ಕೊಡುವವರಾಗಿ ಅಲ್ಲ.

ಈ ಗೋಡೆಯನ್ನು ಒಡೆಯಲು ಹೊರಟವನು ಹೈದರಾಲಿ. 1763ರಲ್ಲಿ ಬಿದನೂರು ಅವನ ವಶವಾಯಿತು. ಅದು ಹೈದರನಗರವಾಯಿತು, ಇಂದಿಗೂ ಅದು ನಮಗೆ ‘ನಗರ’. ಕೆಳದಿಯವರ ಕಾಲದಲ್ಲಿ ಮಹಾದಾನಪುರವೆನಿಸಿದ್ದ ಊರು ಬೇಟೆಯ ಸಮೃದ್ಧಿಯಿಂದ ಶಿಕಾರಿಪುರವೆಂಬ ಹೆಸರನ್ನು ಪಡೆದದ್ದು ಹೈದರನ ಅಥವಾ ಟಿಪ್ಪುವಿನ ಕಾಲದಲ್ಲೆಂಬುದು ಗ್ಯಾಸೆಟಿಯರಿನಲ್ಲಿ ದಾಖಲಾದ ಪ್ರತೀತಿ. ಬಯಲುಸೀಮೆಯ ಕುದುರೆ ಸವಾರ ಘಟ್ಟದ ತುದಿಗೆ ಬಂದು ನಿಂತಾಗ ಅವನಿಗೆ ಕಂಡದ್ದು ಬಿದನೂರಿನ ಬೊಕ್ಕಸ ಮಾತ್ರವಲ್ಲ, ಅದರಾಚೆಯ ಕಡಲು ಕೂಡ. ಹೊನ್ನಾವರ, ಮಂಗಳೂರುಗಳಲ್ಲಿ ಹಡಗು ಕಟ್ಟುವ ಕೆಲಸ ಶುರುವಾಯಿತು. ಗುರಾಬ, ಗಲಿವಾಟ ಎಂಬ ಬಗೆಬಗೆಯ ಯುದ್ಧನೌಕೆಗಳು ಕೆಲವೇ ವರ್ಷಗಳಲ್ಲಿ ನೀರಿಗಿಳಿದವು. ಯೂರೋಪಿನ ನಾವಿಕರು ಸಂಬಳಕ್ಕೆ ಬಂದರು. ಹಣವಿತ್ತು, ಮರವಿತ್ತು, ಮನಸ್ಸೂ ಇತ್ತು.

ಇಲ್ಲದಿದ್ದುದು ಯಾವುದೆಂಬುದು 1768ರಲ್ಲಿ ಗೊತ್ತಾಯಿತು. ಮೊದಲನೆಯ ಮೈಸೂರು ಯುದ್ಧದ ನಡುವೆ ಇಂಗ್ಲಿಷರ ಪಡೆ ಮುಂಬಯಿಯಿಂದ ಈ ಕರಾವಳಿಗೆ ಬಂತು. ಹೈದರಾಲಿ ತನ್ನ ನೌಕಾಪಡೆಯ ಮೇಲೆ ಲುತ್ಫ್ ಅಲಿ ಬೇಗ್ ಎಂಬ ಅಶ್ವದಳದ ಅಧಿಕಾರಿಯನ್ನು ನೇಮಿಸಿದ್ದ. ಕುದುರೆಯ ಮೇಲೆ ಕುಳಿತವನು ಹಡಗಿನವರಿಗೆ ಆಜ್ಞೆ ಮಾಡುವುದೇ ಎಂದು ಕ್ಯಾಪ್ಟನರು ಕೆರಳಿದರು. ಕಾದಾಡುವ ಬದಲು ತಮ್ಮ ಹಡಗುಗಳೊಡನೆ ಇಂಗ್ಲಿಷರ ಪಕ್ಷವನ್ನೇ ಸೇರಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಹೈದರಾಲಿ ಎದೆಗುಂದಲಿಲ್ಲ, ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಆ ಹಡಗುಗಳನ್ನು ಲಂಗರು ಹಾಕಿದಲ್ಲಿಯೇ ಸುಟ್ಟ. ಹದಿನೇಳು ವರ್ಷಗಳಲ್ಲಿ ಎರಡು ಬಾರಿ ಕಟ್ಟಿದ ಪಡೆ ಎರಡು ಬಾರಿಯೂ ಕೈಬಿಟ್ಟಿತು: ಒಮ್ಮೆ ಜನ ಒಲಿಯದೆ, ಒಮ್ಮೆ ಜಾಗ ಕಾಯದೆ.

ಟಿಪ್ಪೂ ಸುಲ್ತಾನ ತಂದೆಯ ಈ ಪಾಠವನ್ನು ಗಮನಿಸಿದ್ದನೆಂಬುದರಲ್ಲಿ ಸಂಶಯವಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈತಪ್ಪಿತು, ಮಲಬಾರ್ ಹೋಯಿತು. ಕನ್ನಡ ಕರಾವಳಿ ಮಾತ್ರ ಉಳಿಯಿತು. ಸಣ್ಣದಾದ, ಶತ್ರುಗಳ ನಡುವೆ ಒಂಟಿಯಾದ ರಾಜ್ಯಕ್ಕೆ ಹೊರಜಗತ್ತಿಗೆ ತೆರೆದ ಬಾಗಿಲು ಅದೊಂದೇ. ಆಗ, 1796ರಲ್ಲಿ, ಅವನು ಒಂದು ದೊಡ್ಡ ನೌಕಾಯೋಜನೆಯನ್ನು ರೂಪಿಸಿದ. 20ರಷ್ಟು ದೊಡ್ಡ ಯುದ್ಧನೌಕೆಗಳು, 20 ಫ್ರಿಗೇಟುಗಳು, ಒಟ್ಟು ಸುಮಾರು 40 ಹಡಗುಗಳು. ಅವನ್ನು ಮಂಗಳೂರಿನಿಂದ ಸದಾಶಿವಗಡದವರೆಗೆ ಮೂರು ವಿಭಾಗಗಳಾಗಿ ಹಂಚುವುದು. ಮೇಲ್ವಿಚಾರಣೆಗೆ ‘ಮೀರ್ ಯಮ್’ ಎಂಬ ಅಧಿಕಾರಿಗಳ ಮಂಡಲಿ. ‘ಯಮ್’ ಎಂದರೆ ಅರಬ್ಬಿಯಲ್ಲಿ ಸಮುದ್ರ. ಅವರ ಕೈಕೆಳಗೆ ‘ಮೀರ್ ಬಹರ್’ ಎಂಬವರು. ಯಾವ ಹಡಗಿಗೆ ಎಷ್ಟು ತೋಪು, ಎಷ್ಟು ಜನ, ಯಾರಿಗೆ ಎಷ್ಟು ಸಂಬಳ ಎಂಬುದೆಲ್ಲ ಆ ಹುಕುಂನಾಮೆಯಲ್ಲಿ ನಮೂದಾಗಿತ್ತು. ಒಟ್ಟು ಜನ ಹತ್ತು ಸಾವಿರಕ್ಕೂ ಹೆಚ್ಚು. ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣದಲ್ಲಿ ಸಿಕ್ಕ ಕಾಗದಪತ್ರಗಳಲ್ಲಿ ಈ ಯೋಜನೆಯೂ ಇತ್ತು; ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ನಾವದನ್ನು ಬಲ್ಲೆವು.

ಕನ್ನಡ ನಾಡಿನ ಚರಿತ್ರೆಯಲ್ಲಿ ಮುಂದಿನ ಕಾಲಕ್ಕಾಗಿ, ಲೆಕ್ಕಹಾಕಿ, ಬರೆದಿಟ್ಟು ನೌಕಾಪಡೆಯನ್ನು ಯೋಜಿಸಿದ ಇಂಥ ಉದಾಹರಣೆ ಮತ್ತೊಂದಿಲ್ಲ. ಅದನ್ನು ಬರಿಯ ಹಗಲುಗನಸೆಂದು ನಕ್ಕವರೂ ಉಂಟು. ಅದೊಂದು ಕೈಗೂಡದ ಮಹಾಸಾಧನೆಯೆಂದು ಹೊಗಳಿದವರೂ ಉಂಟು. ನಗುವುದೂ ಹೊಗಳುವುದೂ ಸುಲಭ. ಯೋಜನೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೋಡುವುದು ಹೆಚ್ಚು ಉಪಯುಕ್ತ.

ಮೊದಲನೆಯದಾಗಿ ಅಳಿವೆಯ ಮಾತು. ನದಿ ಕಡಲನ್ನು ಸೇರುವ ಅಳಿವೆಯೇ ನಮ್ಮ ಹಳೆಯ ಬಂದರುಗಳ ಬಾಗಿಲು. ಮಳೆಗಾಲದ ನೆರೆ ಹೊತ್ತು ತರುವ ಮರಳು ಅಲ್ಲಿ ದಿಬ್ಬಗಟ್ಟುತ್ತದೆ. ಶರಾವತಿಯ ಹೊನ್ನಾವರ, ಪಂಚಗಂಗಾವಳಿಯ ಗಂಗೊಳ್ಳಿ, ನೇತ್ರಾವತಿಯ ಮಂಗಳೂರು, ಎಲ್ಲ ಕಡೆಯೂ ಇದೇ ಕಥೆ. ನಮ್ಮ ಮಚವೆ, ಪತ್ತೇಮಾರಿಗಳು ಆ ದಿಬ್ಬದ ಮೇಲೆ ಭರತದ ನೀರಿನಲ್ಲಿ ಹಗುರಾಗಿ ಹಾದುಹೋಗುವಂತೆ ಶತಮಾನಗಳ ಅನುಭವದಿಂದ ರೂಪುಗೊಂಡವು. ಎಪ್ಪತ್ತಕ್ಕೂ ಹೆಚ್ಚು ತೋಪು ಹೊತ್ತ ಯೂರೋಪಿನ ಮಾದರಿಯ ಯುದ್ಧನೌಕೆಗೆ ಇಪ್ಪತ್ತು ಅಡಿಯಷ್ಟು ಆಳದ ನೀರು ಬೇಕು. ಅದು ಹೊರಗೆ ನಿಂತರೆ ಮುಂಗಾರಿನ ಬಿರುಗಾಳಿಗೆ ತುತ್ತು, ಇಲ್ಲವೇ ಶತ್ರುವಿಗೆ. ಮಂಗಳೂರಿಗೆ ದೊಡ್ಡ ಹಡಗು ಒಳಬರುವ ಬಂದರು ಆದದ್ದು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಪಣಂಬೂರಿನಲ್ಲಿ ನೆಲವನ್ನೇ ತೋಡಿ ನೀರು ಒಳತಂದ ಮೇಲೆ.

ಎರಡನೆಯದು ಜನ. ಹತ್ತು ಸಾವಿರ ಜನರ ಪಟ್ಟಿಯನ್ನು ಕಾಗದದ ಮೇಲೆ ಒಂದು ರಾತ್ರಿಯಲ್ಲಿ ಬರೆಯಬಹುದು. ಒಬ್ಬ ಒಳ್ಳೆಯ ತಂಡೇಲನಾಗಲು ಹುಡುಗ ಹತ್ತು ಹನ್ನೆರಡು ಮಳೆಗಾಲಗಳನ್ನು ನೋಡಬೇಕು. ಯೋಜನೆಯ ಮೇಲಿನ ಕೊನೆಯಲ್ಲಿ ಶ್ರೀರಂಗಪಟ್ಟಣದ ಅಧಿಕಾರಿಗಳಿದ್ದರು. ಕೆಳಗಿನ ಕೊನೆಯಲ್ಲಿ ಸಂಬಳದ ಖಲಾಸಿಗಳು. ನಡುವೆ ಬೇಕಾಗಿದ್ದ, ಕಡಲನ್ನೂ ಬಲ್ಲ, ರಾಜ್ಯವನ್ನೂ ತನ್ನದೆಂದು ಭಾವಿಸುವ ವರ್ಗ ಬೆಳೆದಿರಲಿಲ್ಲ. ಮೂರನೆಯದು ಕಾಲ. 1796ರಲ್ಲಿ ಹೊರಟ ಹುಕುಂ, 1799ರ ಮೇ 4ರಂದು ಸುಲ್ತಾನನ ಮರಣ. ನಡುವೆ ಮೂರೇ ವರ್ಷ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದರೆ ಬಾವಿ ತೋಡಬೇಕಾದ ಕಾಲ ಯಾವುದಾಗಿತ್ತು ಎಂದು ಕೇಳಿಕೊಂಡರೆ ಬೆರಳು ಟಿಪ್ಪುವಿನ ಕಡೆಗಲ್ಲ, ನೂರೈವತ್ತು ವರ್ಷ ಹಿಂದಕ್ಕೆ, ನಮ್ಮ ಶಿವಪ್ಪ ನಾಯಕನ ಕಡೆಗೆ ತಿರುಗುತ್ತದೆ. ನಾಲ್ಕು ಬಂದರುಗಳು ಕೈಯಲ್ಲಿ, ಶತ್ರು ಸಿಂಹಳದಲ್ಲಿ ಸಿಕ್ಕಿಬಿದ್ದಿದ್ದಾನೆ, ಬೊಕ್ಕಸ ತುಂಬಿದೆ, ಕಾಡು ತುಂಬಿದೆ: 1654ರ ಆ ಗಳಿಗೆ ಮತ್ತೆ ಬರಲಿಲ್ಲ. ಗೆಲುವೇ ಅವನಿಗೆ ಹಡಗು ಬೇಡವೆಂಬ ಪಾಠವನ್ನು ಕಲಿಸಿತು. ಸೋಲಿನಿಂದ ತಪ್ಪು ಪಾಠ ಕಲಿಯುವವರು ಕಡಿಮೆ. ಗೆಲುವಿನಿಂದ ಕಲಿಯುವವರೇ ಹೆಚ್ಚು.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. 1799ರಲ್ಲಿ ಕರಾವಳಿ ಇಂಗ್ಲಿಷ್ ಕಂಪೆನಿಯ ಪಾಲಾಯಿತು. ನಗರ ಸೀಮೆ ಮೈಸೂರಿನ ಒಡೆಯರಿಗೆ ಹೋಯಿತು. ಶಿಕಾರಿಪುರ, ಸೊರಬಗಳು ಘಟ್ಟದ ಮೇಲೆ ಉಳಿದವು. ಅವುಗಳ ಬಂದರುಗಳು ಬೇರೊಂದು ಸರ್ಕಾರದ ನಕಾಶೆಗೆ ಸೇರಿದವು. ಎರಡೂ ಮತ್ತೆ ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ನಡುವಿನ ಆ ಒಂದೂವರೆ ಶತಮಾನದಲ್ಲಿಯೇ ಮಲೆನಾಡು ಕಡಲನ್ನು ಪೂರ್ತಿಯಾಗಿ ಮರೆತದ್ದು. 1801ರಲ್ಲಿ ಕಂಪೆನಿಯ ಪರವಾಗಿ ಬಂದ ಫ್ರಾನ್ಸಿಸ್ ಬುಕಾನನ್ ಹೊನ್ನಾವರದಲ್ಲಿ ಹೈದರನ ಹಡಗುಕಟ್ಟೆ ಇದ್ದುದನ್ನು ಬರೆದುಕೊಂಡ. 1783ರ ಯುದ್ಧದಲ್ಲಿ ಮುಳುಗಿದ ನೌಕೆಗಳ ಅವಶೇಷಗಳು ಆಗಲೂ ಹೊಳೆಯಲ್ಲಿದ್ದವೆಂದು ಹೇಳಿದ. ಮುಂದೆ ಚಂದ್ರಗುತ್ತಿ, ಇಕ್ಕೇರಿ, ನಗರಗಳನ್ನು ನೋಡಿದವನೂ ಅವನೇ. ಇತ್ತ ಮಲಬಾರಿನ ಮತ್ತು ಕನ್ನಡ ಕರಾವಳಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗಿ, ಅಲ್ಲಿನ ಪಾರ್ಸಿ ವಾಡಿಯಾ ಮನೆತನದ ಕುಶಲಿಗಳ ಕೈಯಲ್ಲಿ ಬ್ರಿಟಿಷ್ ಯುದ್ಧನೌಕೆಗಳಾಯಿತು. 1817ರಲ್ಲಿ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಫ್ರಿಗೇಟು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ಮರ ನಿಂತಿತು, ಅದರ ಮೇಲಿನ ಬಾವುಟ ಮಾತ್ರ ನಮ್ಮದಾಗಿರಲಿಲ್ಲ.

ಈ ಕಥೆಗೆ ಒಂದು ಉಪಸಂಹಾರವಿದೆ. ಟಿಪ್ಪುವಿನ ಯೋಜನೆಯ ಉತ್ತರದ ತುದಿಯಾಗಿದ್ದ ಸದಾಶಿವಗಡದಿಂದ ಕಾಳಿ ನದಿಯನ್ನು ದಾಟಿದರೆ ಕಾರವಾರ. ಅದರ ದಕ್ಷಿಣಕ್ಕೆ, ಗುಡ್ಡಗಳ ಮರೆಯಲ್ಲಿ, ಆಳವಾದ ನೀರಿರುವ ತೀರದಲ್ಲಿ ಭಾರತದ ನೌಕಾಪಡೆಯ ದೊಡ್ಡ ನೆಲೆಯೊಂದು ಎದ್ದಿದೆ. ‘ಸೀಬರ್ಡ್’ ಯೋಜನೆಗೆ 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ನೆಲೆ ವಿಧ್ಯುಕ್ತವಾಗಿ ಸೇವೆಗೆ ಸೇರಿದ್ದು 2005ರ ಮೇ 31ರಂದು. ದೊಡ್ಡ ದೇಶವೊಂದಕ್ಕೇ ಒಂದು ನೆಲೆಯ ಮೊದಲ ಹಂತಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತೆಂದರೆ, ಮೂರು ವರ್ಷಗಳಲ್ಲಿ ನಲವತ್ತು ಹಡಗು ಬಯಸಿದ ಸುಲ್ತಾನನ ಸಂಕಟ ನಮಗೆ ಅರ್ಥವಾದೀತು. ಆ ನೆಲೆಗೆ ಇಟ್ಟ ಹೆಸರು ‘ಐಎನ್‌ಎಸ್ ಕದಂಬ’. ತಾಳಗುಂದದ ಕಲ್ಲುಕಂಬ ಕಡಲನ್ನು ನೆನೆದು ಒಂದೂವರೆ ಸಾವಿರ ವರ್ಷಗಳ ಮೇಲೆ ಕಡಲು ತಾಳಗುಂದದ ಮನೆತನವನ್ನು ನೆನೆಯಿತು.

ಸಂತೋಷದ ಈ ಮಾತಿನ ಬದಿಯಲ್ಲಿ ಇನ್ನೊಂದನ್ನೂ ಹೇಳದಿದ್ದರೆ ಚರಿತ್ರೆಗೆ ದ್ರೋಹವಾಗುತ್ತದೆ. ಆ ನೆಲೆಗಾಗಿ ಕಾರವಾರ, ಅಂಕೋಲಾಗಳ ತೀರದ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಅವರಲ್ಲಿ ಮೀನುಗಾರರಿದ್ದರು, ಗಾಳಿಯ ವಾಸನೆಯಿಂದ ಹವೆ ಹೇಳಬಲ್ಲ ತಂಡೇಲರ ವಂಶದವರಿದ್ದರು. ಕೆಳದಿಯ ಅರಸರು ಇಂಥವರ ಮಾತು ಕೇಳದೆ ಕಡಲನ್ನು ಕಳೆದುಕೊಂಡರು, ಹೈದರಾಲಿ ಇಂಥವರ ಮೇಲೆ ಸವಾರನನ್ನು ಕೂಡಿಸಿ ಪಡೆಯನ್ನು ಕಳೆದುಕೊಂಡ, ಟಿಪ್ಪೂ ಇಂಥವರನ್ನು ಬೆಳೆಸಲು ಕಾಲ ಸಿಗದೆ ಯೋಜನೆಯನ್ನು ಕಳೆದುಕೊಂಡ. ಕಾಡು ಮರವನ್ನು ಕೊಡುತ್ತದೆ, ಬೊಕ್ಕಸ ಹಣವನ್ನು ಕೊಡುತ್ತದೆ. ಹಡಗು ತೇಲುವುದು ಕಡಲಂಚಿನ ಜನದ ವಿಶ್ವಾಸದ ಮೇಲೆ. ಅಂದು ತಾಳಗುಂದದಲ್ಲಿ ಪ್ರಶ್ನೆ ಕೇಳಿದ ಹುಡುಗ ಇಂದು ಎಲ್ಲಿಯಾದರೂ ಈ ಮಾತನ್ನು ಕೇಳುತ್ತಿದ್ದರೆ, ತಡವಾಗಿಯಾದರೂ ನಾನು ಕೊಡಬಹುದಾದ ಉತ್ತರ ಇದು.